ಕೀಲೆಣ್ಣೆಯ ಮೂರು ಒಗಟು

"ಕೇಳ್ರಪ್ಪೋ ಕೇಳಿ! ಅರಸರ ಅಪ್ಪಣೆ! ಕೀಲೆಣ್ಣೆ ಬೆಲೆ ಇಳಿಸಿ ಅಂತ ಇನ್ನು ಯಾರೂ ಅರಮನೆ ಬಾಗಿಲಲ್ಲಿ ಗೋಗರೆಯಬಾರದು. ಅರಸರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಬೇಡಿದ ವರ, ಒಂದೇ ಒಂದು! ತಪ್ಪಿದವನ ತಲೆ ಕೋಟೆ ಬಾಗಿಲಿಗೆ!"

ಡಂಗುರದವನು ಹೀಗೆ ಸಾರಿಕೊಂಡು ಹೋದಾಗ ಹಿರೇಗಾವಿ ರಾಜ್ಯದ ಗಾಡಿಯವರೆಲ್ಲ ಹಲ್ಲು ಕಡಿದರು. ಕಡಿಯದೆ ಇನ್ನೇನು ಮಾಡ್ತಾರೆ? ಬೆಳಗೆದ್ದು ಗಾಡಿಯ ಅಚ್ಚಿಗೆ ಕೀಲೆಣ್ಣೆ, ಅಂದರೆ ಹರಳೆಣ್ಣೆ, ಹಾಕದೆ ಯಾವ ಗಾಡಿಯವನೂ ಎತ್ತು ಹೂಡುವುದಿಲ್ಲ. ಆ ಎಣ್ಣೆಯನ್ನು ಅರಮನೆಯ ಎಣ್ಣೆಕಟ್ಟೆ ಬಿಟ್ಟು ಬೇರೆ ಯಾರೂ ಮಾರುವಂತಿಲ್ಲ. ಸಂಕ್ರಾಂತಿಗೆ ಬೆಲೆ ಏರಿತು, ಯುಗಾದಿಗೆ ಏರಿತು, ಗೌರಿಹಬ್ಬಕ್ಕೆ ಮತ್ತೆ ಏರಿತು. ಅರಮನೆಗೆ ಮಾತ್ರ ದಿನವೂ ಹಬ್ಬ.

ಗಾಡಿಯವರಲ್ಲೊಬ್ಬನಾದ ಸಣ್ಣೀರನಿಗೆ ಸಿಟ್ಟು ನೆತ್ತಿಗೇರಿತ್ತು. ಅವನ ಅಣ್ಣ ದೊಡ್ಡೀರ ಹೊಳೆಯ ಕಡವಿನಲ್ಲಿ ದೋಣಿ ನಡೆಸುತ್ತಿದ್ದವನು. ಮೂರು ವರ್ಷದ ಹಿಂದೆ ಅರಸ ಆ ಕಡವು ಮುಚ್ಚಿಸಿ ದೋಣಿಗಳನ್ನೆಲ್ಲ ಸುಡಿಸಿದ. ಅಂದಿನಿಂದ ಆಚೆ ದಡದ ಸಂತೆಗೆ ಹೋಗಬೇಕಾದರೆ ಸೇತುವೆ ಸುತ್ತಿಕೊಂಡು ಇಡೀ ಒಂದು ದಿನದ ಗಾಡಿದಾರಿ. ಸಣ್ಣೀರ ಹೊಟ್ಟೆಪಾಡಿಗೆ ಬಾಡಿಗೆ ಗಾಡಿ ಹೊಡೆಯತೊಡಗಿದ. ದೊಡ್ಡೀರ ಹೊಳೆ ಬಿಡಲಿಲ್ಲ. ಹೋದ ವಾರ ಹೆರಿಗೆನೋವಿನ ಹೆಂಗಸೊಬ್ಬಳನ್ನು ಹರಿಗೋಲಿನಲ್ಲಿ ಕೂರಿಸಿ ಆಚೆ ದಡದ ಸೂಲಗಿತ್ತಿ ಮನೆಗೆ ದಾಟಿಸಿದ. ಅದೇ ಅಪರಾಧವಂತೆ! ಆಳುಗಳು ಹಿಡಿದುಕೊಂಡು ಹೋದರು, ಅಮಾವಾಸ್ಯೆಗೆ ಶೂಲ ಅಂತ ತೀರ್ಪಾಯಿತು.

"ಒಬ್ಬನ್ನ ಕಳಕೊಂಡಿದ್ದು ಸಾಲದಾ ಮಗಾ? ನೀನೂ ಹೋಗ್ತೀಯಾ?" ಅಂತ ತಾಯಿ ಅವನ ಕೈ ಹಿಡಿದಳು.

"ಇನ್ನೂ ಕಳಕೊಂಡಿಲ್ಲ ಕಣವ್ವಾ. ಅಮಾವಾಸ್ಯೆಗೆ ಎರಡು ದಿನ ಐತೆ" ಅಂದು ಸಣ್ಣೀರ ಒಗಟು ಬಿಡಿಸಲು ಅರಮನೆಗೆ ಹೊರಟ.

ಒಗಟು ಕಟ್ಟಿದವರು ಮುದುಕ ಪ್ರಧಾನಿ. ಉತ್ತರ ಬರೆದ ಓಲೆ ಅವರ ಕೈಯಲ್ಲೇ ಇತ್ತು. ಉತ್ತರ ಅರಸನಿಗೂ ಗೊತ್ತು. ಎದುರಿಗೆ ನಿಂತು ಅದನ್ನು ಹೇಳುವ ಗಂಡೆದೆ ಯಾರಿಗಿದೆ ಅನ್ನುವುದೇ ಅವನ ಧೈರ್ಯ.

"ಮೊದಲನೆಯದು" ಅಂದ ಅರಸ ಮೀಸೆ ತೀಡುತ್ತ. "ಒಂದು ಪದಾರ್ಥಕ್ಕೆ ನಾನು ಬೆಲೆ ಏರಿಸುತ್ತಲೇ ಇದ್ದೇನೆ. ಜನ ಬೈಯುತ್ತ ಬರುತ್ತಾರೆ, ಬೈಯುತ್ತಲೇ ಕೊಂಡು ಹೋಗುತ್ತಾರೆ. ಒಬ್ಬನೂ ಕಡಿಮೆಯಾಗಿಲ್ಲ. ಯಾಕೆ?"

ಅರಮನೆಯ ಪಾರುಪತ್ತೆಗಾರನ ಮಗ ಮುಂದೆ ಬಂದು ನಡು ಬಗ್ಗಿಸಿದ. "ತಮ್ಮ ಮೇಲಿನ ಭಕ್ತಿಯಿಂದ, ಮಹಾಸ್ವಾಮಿ." ಪ್ರಧಾನಿ ಓಲೆ ನೋಡಿ ಅಲ್ಲವೆಂದು ತಲೆಯಾಡಿಸಿದರು. ಅವನನ್ನು ಎಳೆದುಕೊಂಡು ಹೋದರು.

ಎಣ್ಣೆಕಟ್ಟೆಯ ಗುತ್ತಿಗೆದಾರನ ಅಳಿಯ ಎದ್ದ. "ಜನರ ಹತ್ತಿರ ದುಡ್ಡು ಕೊಳೆಯುತ್ತ ಬಿದ್ದಿದೆ, ಅದಕ್ಕೇ ಕೊಡುತ್ತಾರೆ." ಅವನ ಮಾತು ಮುಗಿಯುವ ಮೊದಲೇ ಪ್ರಧಾನಿ ಮತ್ತೆ ತಲೆಯಾಡಿಸಿದರು. ಅವನೂ ಕಿರುಚಿಕೊಂಡು ಹೋದ.

ಸಣ್ಣೀರ ಮುಂದೆ ಬಂದು ಕೈ ಮುಗಿದ. "ಬೇಡ ಅನ್ನೋಕೆ ದಾರಿ ಇಲ್ಲ ಬುದ್ಧಿ, ಅದಕ್ಕೇ ಕೊಡ್ತೀವಿ. ದೋಣಿ ಸುಟ್ಟಿರಿ, ಗಾಡಿ ಬಿಟ್ಟು ಗತಿಯಿಲ್ಲ. ಎಣ್ಣೆ ಹಾಕದಿದ್ರೆ ಅಚ್ಚು ಸುಟ್ಟು ಕರಕಲಾಗುತ್ತೆ, ಎತ್ತಿನ ಹೆಗಲು ಕಿತ್ತು ಬರುತ್ತೆ. ನಮ್ಮ ದಡ್ಡತನಾನೂ ಐತೆ. ನಾಳೆ ಏರುತ್ತೆ ಅಂತ ಗೊತ್ತಾದ್ರೆ ಇವತ್ತೇ ಬಿದಿರಿನ ಗೊಟ್ಟ ಹಿಡಿದು ಸಾಲು ನಿಲ್ತೀವಿ. ಒಂದು ಗೊಟ್ಟ ಹಳೇ ಬೆಲೆಗೆ ಸಿಕ್ತು ಅಂತ ಮನೇಲಿ ಬೀಗ್ತೀವಿ. ಮಾರನೇ ದಿನದಿಂದ ಹೊಸ ಬೆಲೆ ತೆರ್ತೀವಿ."

ಪ್ರಧಾನಿ ಓಲೆಯಿಂದ ಕಣ್ಣೆತ್ತಿದರು. "ಸರಿ."

ಅರಸನ ಕೈ ಮೀಸೆಯಿಂದ ಇಳಿಯಿತು. "ಎರಡನೆಯದು. ಎಣ್ಣೆ ಕೊಳ್ಳುವವನು ಒಬ್ಬ, ಕೊನೆಗೆ ಅದರ ಬೆಲೆ ತೆರುವವರು ಇನ್ನೊಬ್ಬರು. ಅವರು ಹುಟ್ಟಿದಾಗಿನಿಂದ ಗಾಡಿ ಹತ್ತಿಲ್ಲ. ಯಾರು?"

"ನಮ್ಮ ಕೇರಿಯ ನಿಂಗಜ್ಜಿ" ಅಂದ ಸಣ್ಣೀರ. "ನೀವು ಎಣ್ಣೆಗೆ ಏರಿಸಿದ್ರೆ ನಾನು ಬಾಡಿಗೆಗೆ ಏರಿಸ್ತೀನಿ, ಶೆಟ್ರು ಉಪ್ಪಿಗೆ ಏರಿಸ್ತಾರೆ. ನಿಂಗಜ್ಜಿ ಯಾರಿಗೆ ಏರಿಸ್ಬೇಕು? ಗಂಜಿಗೆ ಹಾಕೋ ಉಪ್ಪನ್ನೇ ಕಡಿಮೆ ಮಾಡ್ಕೊಂಡವಳೆ. ನಾಚಿಕೆ ಆಗ್ಬೇಕು ನಮಗೆಲ್ಲ!"

"ಸರಿ" ಅಂದರು ಪ್ರಧಾನಿ.

ಅರಸ ಸಿಂಹಾಸನದಿಂದ ಎದ್ದೇ ಬಿಟ್ಟ. "ಕೊನೆಯದು! ಹರಳು ಬೆಳೆ ಕೈಕೊಟ್ಟ ವರ್ಷ ಎಣ್ಣೆ ಏರಿತು. ಮರುವರ್ಷ ಹರಳು ಕಣದ ತುಂಬ ರಾಶಿ ಬಿತ್ತು, ಆಗಲೂ ಏರಿತು. ಹರಳು ಬಿತ್ತದೆ, ಗಾಣ ತಿರುಗಿಸದೆ ಈ ಎಣ್ಣೆಯಲ್ಲಿ ಮೈ ಬೆಳೆಸಿದವನು ಯಾರು? ನೋಡಿಕೊಂಡು ಹೇಳು."

ಸಣ್ಣೀರ ಅಣ್ಣನ ಮುಖ ನೆನೆಸಿಕೊಂಡು ಕೈ ಎತ್ತಿ ನೇರವಾಗಿ ತೋರಿಸಿದ.

"ನೀವೇ."

ಆಳುಗಳು ಕತ್ತಿಗೆ ಕೈ ಹಾಕಿದರು. ಪ್ರಧಾನಿ ಓಲೆಯನ್ನು ಸಭೆಗೆಲ್ಲ ಕಾಣುವಂತೆ ಎತ್ತಿ ಹಿಡಿದರು. "ಉತ್ತರ ಸರಿಯಾಗಿದೆ. ಡಂಗುರ ಊರೂರಿಗೆ ಕೇಳಿಸಿದೆ, ಮಹಾಸ್ವಾಮಿ. ಕೊಟ್ಟ ಮಾತಿಗೆ ತಪ್ಪಿದರೆ ನಾಳೆ ನಿಮ್ಮ ಅಪ್ಪಣೆಗೆ ಯಾರೂ ಬೆಲೆ ಕೊಡುವುದಿಲ್ಲ."

ಅರಸ ಹುಳ್ಳಗೆ ನಕ್ಕ. "ಬೇಡು. ಅಣ್ಣನ ಜೀವ ಬೇಕೋ, ಎಣ್ಣೆ ಬೆಲೆ ಇಳಿಯಬೇಕೋ? ವರ ಒಂದೇ, ನೆನಪಿರಲಿ."

ಬಾಗಿಲಲ್ಲಿ ಕಿಕ್ಕಿರಿದಿದ್ದ ಗಾಡಿಯವರು ಸಣ್ಣೀರನನ್ನೇ ನೋಡುತ್ತಿದ್ದರು. ಅವನು ಅವರತ್ತ ಒಮ್ಮೆ ನೋಡಿ ಅರಸನ ಕಡೆ ತಿರುಗಿದ.

"ಬೆಲೆ ಇಳಿಸಿದ್ರೆ ನಾಳೆ ಏರಿಸ್ತೀರಿ. ಅಣ್ಣನ್ನ ಬಿಟ್ರೆ ನಾಳೆ ಹಿಡೀತೀರಿ. ನನಗೆ ಬೇಕಾಗಿರೋದು ಇಷ್ಟೇ ಬುದ್ಧಿ: ನಮ್ಮಣ್ಣ ದೊಡ್ಡೀರ ತಲೆ ನರೆತು ಮುದುಕನಾಗೋ ತನಕ ಆ ಕಡವಿನಲ್ಲಿ ದೋಣಿ ನಡೆಸ್ಬೇಕು."

ಅರಸನ ನಗು ಮುಖದಲ್ಲೇ ಒಣಗಿತು. ಪ್ರಧಾನಿ ಓಲೆ ಮಡಿಚಿದರು. "ಒಂದೇ ವರ, ಮಹಾಸ್ವಾಮಿ. ನಾನು ಎಣಿಸಿದ್ದೇನೆ."

ಅಮಾವಾಸ್ಯೆಯ ಬೆಳಗ್ಗೆ ದೊಡ್ಡೀರ ಹೊಳೆಯಲ್ಲಿದ್ದ. ಮೊದಲು ಅವನ ಹರಿಗೋಲು ಹತ್ತಿದವಳು ನಿಂಗಜ್ಜಿ, ಉಪ್ಪು ತರಲು ತಾನೇ ಹೊರಟಿದ್ದಳು. ಸಂತೆಗೆ ಹೋಗುವವರೆಲ್ಲ ಕಡವಿನ ದಾರಿ ಹಿಡಿದರು. ಎಣ್ಣೆಕಟ್ಟೆಯ ಮುಂದಿನ ಸಾಲು ಕರಗಿತು. ದೀಪಾವಳಿಗೆ ಮುಂಚೆ ಬೆಲೆ ತಾನಾಗಿ ಇಳಿಯಿತು, ಯಾರೂ ಬೇಡಿರಲಿಲ್ಲ.

ಸಣ್ಣೀರ ದಡದಿಂದ ಊರೊಳಕ್ಕೆ ಮಾತ್ರ ಗಾಡಿ ಹೊಡೆಯುತ್ತಿದ್ದ, ಒಂದು ಗೊಟ್ಟ ಎಣ್ಣೆ ಈಗ ವಾರಗಟ್ಟಲೆ ಬರುತ್ತಿತ್ತು. ಒಂದು ದಿನ ಎಣ್ಣೆಕಟ್ಟೆಯ ಗುತ್ತಿಗೆದಾರ ರಸ್ತೆಗೇ ಬಂದು ನಿಂತು ಕೂಗಿದ. "ಬಾರೋ ಸಣ್ಣೀರಾ, ಎಣ್ಣೆ ಅಗ್ಗವಾಗಿದೆ, ಗೊಟ್ಟ ತುಂಬಿಸ್ಕೊಂಡು ಹೋಗೋ!"

ಸಣ್ಣೀರ ಎತ್ತಿನ ಹಗ್ಗ ಸಡಿಲಿಸಲಿಲ್ಲ. ಮೂರು ವರ್ಷದಿಂದ ಗಂಟಲಲ್ಲೇ ಸಿಕ್ಕಿಕೊಂಡಿದ್ದ ಮಾತು ಬಾಯಿಗೆ ಬಂತು.

"ಬೇಡ ಹೋಗಯ್ಯಾ."