ಎತ್ತರ ಕದಲದ ಶಿಷ್ಯೆ

“ಸರ್, ನನ್ನನ್ನ ಒಬ್ಬಳೇ ಹಾರೋಕೆ ಯಾವಾಗ ಬಿಡ್ತೀರಿ?”

ವೈಜಯಂತಿ ಈ ಪ್ರಶ್ನೆಯನ್ನು ನೆಲದ ಮೇಲೆ ನಿಂತು ಕೇಳಬಹುದಿತ್ತು. ಆಕಾಶದಲ್ಲಿ ಕೇಳಿದಳು, ಅಲ್ಲಿ ಅವಳಿಗೆ ಧೈರ್ಯ ಹೆಚ್ಚು. ತರಬೇತಿಯ ಪುಟ್ಟ ವಿಮಾನದ ಎಡ ಸೀಟಿನಲ್ಲಿ ಅವಳು, ಬಲ ಸೀಟಿನಲ್ಲಿ ಗುರು ಮುದ್ದಪ್ಪ. ಎತ್ತರ ತೋರಿಸುವ ಮುಳ್ಳು ಮೂರು ಸಾವಿರ ಅಡಿಯ ಮೇಲೆ ಮೊಳೆ ಹೊಡೆದ ಹಾಗೆ ನಿಂತಿತ್ತು. ಅವಳ ಜೊತೆ ಕಲಿಯಲು ಸೇರಿದವರೆಲ್ಲ ಆಗಲೇ ಒಂಟಿಯಾಗಿ ಹಾರಿ ಬಂದು ಸಿಹಿ ಹಂಚಿದ್ದರು. ಅವರ ಕೈಯಲ್ಲಿ ಈ ಮುಳ್ಳು ಒಂದು ಕಡೆ ನಿಂತದ್ದೇ ಇಲ್ಲ. ಅಂಥವರಿಗೆ ಸಿಕ್ಕಿದ್ದು ತನಗೆ ಸಿಗಲಿಲ್ಲವಲ್ಲ ಎಂದು ಅವಳ ಹೊಟ್ಟೆ ಉರಿಯುತ್ತಿತ್ತು. ಇವತ್ತು ಕೇಳಿಯೇ ಬಿಡುವುದು ಎಂದು ಬಂದಿದ್ದಳು.

ಪಕ್ಕದ ಊರಿನ ವಿಮಾನ ಶಾಲೆಯವರೂ ಅಭ್ಯಾಸಕ್ಕೆ ಇದೇ ಆಕಾಶಕ್ಕೆ ಬರುತ್ತಿದ್ದರು. “ಎಡಗಡೆ ದೂರದಲ್ಲಿ ಅವರದೊಂದು ವಿಮಾನ ಇದೆ ಸರ್. ನೋಡಿದೀನಿ,” ಎಂದಳು. ತನ್ನ ಕಣ್ಣೂ ಚುರುಕು ಎಂಬುದು ಅವರಿಗೆ ತಿಳಿಯಲಿ ಎಂದು.

“ಸರಿ. ಒಂದು ಕತೆ ಹೇಳ್ತೀನಿ. ಹಾರಿಸ್ತಾನೇ ಕೇಳು,” ಎಂದರು ಗುರು.

ಕತೆ ಹೇಳಿ ತನ್ನ ಗಮನ ತಪ್ಪಿಸುವ ಉಪಾಯವಿದು ಎಂದು ಅವಳಿಗೆ ಹೊಳೆಯಿತು. ತಪ್ಪಿಸಲಿ ನೋಡೋಣ ಎಂದುಕೊಂಡು ಮುಳ್ಳಿನ ಮೇಲೆ ಕಣ್ಣು ನೆಟ್ಟಳು. ಗುರು ಹೇಳಿದ ಕತೆ ಹೀಗಿತ್ತು.

ಒಂದು ಆಕಾಶವನ್ನು ಎರಡು ಶಾಲೆಗಳು ಹಂಚಿಕೊಂಡಿದ್ದವು. ಎರಡರಲ್ಲೂ ಒಬ್ಬೊಬ್ಬ ಗುರು, ಒಬ್ಬೊಬ್ಬ ಜಾಣ ಶಿಷ್ಯ. ಗುರುಗಳಿಬ್ಬರೂ ಬಲು ಕಟ್ಟುನಿಟ್ಟು. ದೊಡ್ಡ ಕೆರೆಯ ಏರಿಯ ಮೇಲೆ ಬರಬೇಕು, ಮೂರು ಸಾವಿರ ಅಡಿಯಲ್ಲೇ ಬರಬೇಕು, ಒಂದಿಷ್ಟೂ ಆಚೀಚೆ ಆಗಬಾರದು ಎಂದು ಇಬ್ಬರೂ ಕಲಿಸಿದರು. ಆ ಸೀಮೆಯಲ್ಲಿ ಮೇಲಿನಿಂದ ಸ್ಪಷ್ಟವಾಗಿ ಕಾಣುವುದು ಆ ಕೆರೆಯೊಂದೇ. ದಡ್ಡ ಶಿಷ್ಯರು ಅದರ ಅಕ್ಕಪಕ್ಕ ಮೇಲೆ ಕೆಳಗೆ ಎಲ್ಲೆಲ್ಲೋ ಅಲೆದು, ಬೈಸಿಕೊಂಡು, ಕ್ಷೇಮವಾಗಿ ಮನೆಗೆ ಹೋದರು. ಜಾಣರು ಹೋಗುತ್ತಿದ್ದದ್ದು ಮಾತ್ರ ಅಷ್ಟು ದೊಡ್ಡ ಆಕಾಶದಲ್ಲಿ ಒಂದೇ ಒಂದು ಜಾಗಕ್ಕೆ.

ಒಂದು ಮಧ್ಯಾಹ್ನ ಇಬ್ಬರು ಜಾಣರೂ ಎರಡು ದಿಕ್ಕಿನಿಂದ ಆ ಜಾಗಕ್ಕೆ ಹೊರಟರು. ಮೋಡವಿಲ್ಲ, ಮಂಜಿಲ್ಲ. ಕೆರೆಗೆ ಬರುತ್ತಿದ್ದೇನೆ ಎಂದು ಇಬ್ಬರೂ ರೇಡಿಯೋದಲ್ಲಿ ಹೇಳಿದರು. ನಾನು ಹೇಳಿಯಾಯಿತು, ಇನ್ನು ನೋಡಿಕೊಳ್ಳುವುದು ಅವನ ಪಾಡು ಎಂದು ಇಬ್ಬರೂ ನೆಮ್ಮದಿಯಾದರು. ಶಿಷ್ಯರ ಕಣ್ಣು ಮುಳ್ಳಿನ ಮೇಲಿತ್ತು. ಪಕ್ಕದ ಸೀಟಿನಲ್ಲಿ ಕೂತ ಗುರುಗಳ ಕಣ್ಣು ಶಿಷ್ಯರ ಮೇಲಿತ್ತು. ಎಲ್ಲರೂ ತಂತಮ್ಮ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದರು.

ಅವರಲ್ಲಿ ಒಬ್ಬ ಶಿಷ್ಯನ ಊರು ಆ ಕೆರೆಯ ಪಕ್ಕದಲ್ಲೇ ಇತ್ತು. ಅವನ ತಾಯಿ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಲು ಹಾಕಿದ್ದಳು. ಆ ಕೆಂಪು ಮೇಲಿನಿಂದ ಕಾಣುತ್ತದೆಯೇ ಎಂದು ಅವನಿಗೆ ಮೊದಲಿನಿಂದಲೂ ಆಸೆ. ಗುರುಗಳು ಬೈದರೆ ಬೈಯಲಿ ಎಂದು ಮುಳ್ಳು ಬಿಟ್ಟು ಕತ್ತೆತ್ತಿ ಹೊರಗೆ ನೋಡಿದ. ಕಂಡದ್ದು ಮೆಣಸಿನಕಾಯಿಯಲ್ಲ, ಇನ್ನೊಂದು ವಿಮಾನದ ಚಕ್ರ. ಅವನ ಕೈ ತಾನಾಗಿಯೇ ವಿಮಾನವನ್ನು ಕೆಳಕ್ಕೆ ಅದುಮಿತು.

“ಎತ್ತರ ಬಿಟ್ಟೆಯಲ್ಲೋ!” ಎಂದು ಗುರು ಗದರಿದ. ಗದರಿ ಮುಗಿಸುವ ಮೊದಲೇ ಒಂದು ನೆರಳು ಇಬ್ಬರ ಮುಖದ ಮೇಲೂ ಹಾದುಹೋಯಿತು. ಗುರು ಆಗ ಮೊದಲ ಸಲ ಶಿಷ್ಯನ ಮೇಲಿಂದ ಕಣ್ಣು ತೆಗೆದು ಹೊರಗೆ ನೋಡಿದ.

ಮೇಲಿನ ವಿಮಾನದವರಿಗೆ ಏನೂ ಗೊತ್ತಾಗಲಿಲ್ಲ. ಆ ಶಿಷ್ಯನ ಮುಳ್ಳು ಒಂದು ಕೂದಲಿನಷ್ಟೂ ಕದಲಿರಲಿಲ್ಲ. ಅವನ ಗುರು ಬೆನ್ನು ತಟ್ಟಿ ಶಹಬ್ಬಾಸ್ ಎಂದ.

ಕತೆ ಮುಗಿಯಿತು. ವೈಜಯಂತಿ ನಕ್ಕಳು. “ಅಂತೂ ಮೆಣಸಿನಕಾಯಿ ಉಳಿಸ್ತು ಅನ್ನಿ! ಆದ್ರೆ ಸರ್, ನನ್ನ ಎತ್ತರ ನೋಡಿ. ನೀವು ಇಷ್ಟು ದೊಡ್ಡ ಕತೆ ಹೇಳಿದ್ರೂ ಒಂದಡಿ ಆಚೀಚೆ ಆಗ್ಲಿಲ್ಲ.”

ಹೊಗಳಿಕೆ ಬಂದೇ ಬರುತ್ತದೆ ಎಂದು ಅವಳು ಗುರುವಿನ ಕಡೆ ತಿರುಗಿದಳು. ಅವರು ಮುಳ್ಳನ್ನು ನೋಡುತ್ತಿರಲಿಲ್ಲ, ಅವಳನ್ನೂ ನೋಡುತ್ತಿರಲಿಲ್ಲ. ಅವರ ನೋಟ ಅವಳನ್ನು ದಾಟಿ ಎಡಗಡೆಯ ಕಿಟಕಿಯಾಚೆ ಇತ್ತು. ಕೈ ಯಾವಾಗಲೋ ಬಂದು ವಿಮಾನ ತಿರುಗಿಸುವ ತಮ್ಮ ಕಡೆಯ ಹಿಡಿಕೆಯ ಮೇಲೆ ಕೂತಿತ್ತು.

“ಕತೆಗೆ ಮೊದಲು ಎಡಗಡೆ ಒಂದು ವಿಮಾನ ತೋರಿಸಿದ್ದೆಯಲ್ಲಮ್ಮಾ, ಅದು ಈಗ ಎಲ್ಲಿದೆ?”