ದಿಬ್ಬದ ಮೇಲಿನ ಹಗೇವು

"ಬುದ್ಧಿ, ಹಳೆಯದು ನಡೆಯುತ್ತಿರುವಾಗ ಹೊಸದಕ್ಕೆ ಹೋಗಬೇಕೇ, ಬೇಡವೇ?" ಎಂದು ನಿಜಗುಣ ಗುರುಗಳನ್ನು ಕೇಳಿದ.

ನಿಜಗುಣ ಮಠದ ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವ ಶಿಷ್ಯ. ಯಾರಿಗೆ ಯಾವ ಕಾಯಿಲೆ, ಯಾರಿಗೆ ಯಾವ ಮದ್ದು ಒಗ್ಗುವುದಿಲ್ಲ ಎಂಬುದೆಲ್ಲ ಅಲ್ಲಿನ ಡೇಟಾಬೇಸಿನಲ್ಲಿತ್ತು. ಅದನ್ನು ನಡೆಸುವ ತಂತ್ರಾಂಶದ ಹೊಸ ಆವೃತ್ತಿ ಬಂದಿತ್ತು. ಬೇರೊಂದು ಕಂಪ್ಯೂಟರಿನಲ್ಲಿ ಹಾಕಿ ತಿಂಗಳುಗಟ್ಟಲೆ ಪರೀಕ್ಷಿಸಿದರೂ ಅವನಿಗೆ ಧೈರ್ಯ ಬಂದಿರಲಿಲ್ಲ. "ಮಾಹಿತಿಯನ್ನು ಹೊಸದಕ್ಕೆ ಸಾಗಿಸುವಾಗ ಒಂದು ಸಾಲು ಆಚೀಚೆಯಾದರೂ ಯಾರದೋ ಜೀವ ಹೋದೀತು. ಹಳೆಯದು ಈವರೆಗೆ ಒಂದು ದಿನವೂ ತೊಂದರೆ ಕೊಟ್ಟಿಲ್ಲ" ಎಂದ.

ಗುರುಗಳು ನಕ್ಕರು. "ನಿನ್ನ ಯಂತ್ರದ ತಲೆಬುಡ ನನಗೆ ಗೊತ್ತಿಲ್ಲ. ನಿನ್ನಂಥವನೇ ಒಬ್ಬನ ಕತೆ ಗೊತ್ತು, ಕೇಳು" ಎಂದು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಊರಿನವರೆಲ್ಲರ ಬಿತ್ತನೆಯ ರಾಗಿ ಅವನ ಹಗೇವಿನಲ್ಲಿ ಇರುತ್ತಿತ್ತು. ಹಗೇವೆಂದರೆ ಧಾನ್ಯಕ್ಕಾಗಿ ನೆಲದೊಳಗೆ ತೋಡಿದ ಗುಂಡಿ. ಬಾಯಿಗೆ ಚಪ್ಪಡಿ ಮುಚ್ಚಿ ಸುತ್ತ ಕೆಸರು ಮೆತ್ತಿಬಿಡುತ್ತಾರೆ. ತೆರೆದರೆ ತೇವ ಒಳಗೆ ಹೋಗುತ್ತದೆಂದು ಬಿತ್ತನೆಯವರೆಗೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಅದನ್ನು ತೋಡಿದವನು ರೈತನ ತಂದೆ.

ಒಂದು ಸುಗ್ಗಿಯಲ್ಲಿ ಹಗೇವು ತೋಡುವವನೊಬ್ಬ ಬಂದ. "ಯಜಮಾನ್ರೇ, ನಿಮ್ಮದು ತಗ್ಗಿನಲ್ಲೈತೆ, ನೀರು ಜಿನುಗೀತು. ದಿಬ್ಬದ ಮೇಲೆ ಹೊಸದು ತೋಡಿಕೊಡ್ತೀನಿ" ಎಂದ. ರೈತ ತೋಡಿಸಿದ. ಆದರೆ ಊರಿನ ಬೀಜವನ್ನೆಲ್ಲ ಗುರುತಿಲ್ಲದ ಗುಂಡಿಗೆ ಸುರಿಯಲು ಅವನೇನು ದಡ್ಡನೇ? ಅದರಲ್ಲಿ ಒಂದು ಮೊರ ರಾಗಿಯನ್ನಷ್ಟೇ ಇಟ್ಟ. ಉಳಿದದ್ದನ್ನು ಎಂದಿನಂತೆ ಹಳೆಯದಕ್ಕೆ ತುಂಬಿ, ಕೆಸರು ಮೆತ್ತಿದ.

ಆಮೇಲೆ ಅವನಿಗೆ ಬೇರೆ ಕೆಲಸವೇ ಇಲ್ಲದಂತಾಯಿತು. ಅಕಾಲದ ಮಳೆ ನಾಲ್ಕು ಹನಿ ಬಿದ್ದರೂ ದಿಬ್ಬಕ್ಕೆ ಓಡುವನು. ಹೊಸ ಹಗೇವಿನ ರಾಗಿಯನ್ನು ಮೂಸುವನು, ಹಲ್ಲಿನಲ್ಲಿ ಕಡಿಯುವನು, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುವನು. ಮೊಳಕೆ ಬಂದರೂ ನಂಬಿಕೆ ಬಾರದೆ ಇನ್ನೊಂದು ಹಿಡಿ ಕಟ್ಟುವನು.

ಒಂದು ಮಧ್ಯಾಹ್ನ ದಿಬ್ಬದ ಮೇಲೇ ಅವನಿಗೆ ನಿದ್ದೆ ಹತ್ತಿತು. ಕನಸಿನಲ್ಲಿ ಅವನು ಒಂದು ಹಗೇವಿಗೆ ಇಳಿಯುತ್ತಿದ್ದ. ಇಳಿದಷ್ಟೂ ಅದು ಆಳವಾಯಿತು. ಕೆಳಗೆ ಕತ್ತಲೆಯಿರಲಿಲ್ಲ, ನಸುಕಿನ ಬೆಳಕಿತ್ತು. ರಾಗಿ ಹೊಳೆಯ ಹಾಗೆ ಸದ್ದಿಲ್ಲದೆ ಹರಿಯುತ್ತಿತ್ತು. ಅದರ ದಡದಲ್ಲಿ, ಎಂದೋ ತೀರಿಹೋದ ಅವನ ತಂದೆ ಕುಳಿತಿದ್ದ.

"ಅಪ್ಪಾ, ಹೊಸದಕ್ಕೆ ಹೋಗ್ಲಾ?"

ತಂದೆ ಅವನ ಕೈ ಹಿಡಿದುಕೊಂಡ. ತಂದೆಯ ಕೈ ಒದ್ದೆಯಾಗಿತ್ತು. "ಬಂದ್ಯಲ್ಲ ಮಗಾ, ಅಷ್ಟು ಸಾಕು. ನನ್ನ ತಾವ ಯಾರೂ ಬರೋದೇ ಇಲ್ಲ" ಎಂದ.

ರೈತ ಅಳುತ್ತಲೇ ಎದ್ದ. ಹಳೆಯದನ್ನು ಬಿಡುವುದು ಅಪ್ಪನಿಗೆ ಇಷ್ಟವಿಲ್ಲ ಎಂದು ತಿಳಿದುಕೊಂಡ. ಮನಸ್ಸು ಹಗುರವಾಯಿತು. ಮೈಮೇಲಿನ ಮಣ್ಣು ಕೊಡವಿಕೊಂಡು, ಹೊಸ ಹಗೇವಿನಿಂದ ಇನ್ನೊಂದು ಹಿಡಿ ರಾಗಿ ತೆಗೆದು ಮೊಳಕೆಗೆ ಕಟ್ಟಿದ.

ಮುಂಗಾರು ಬಂತು. ಊರಿನವರು ಬುಟ್ಟಿ ಹಿಡಿದು ಹಳೆಯ ಹಗೇವಿನ ಸುತ್ತ ನಿಂತರು. ಚಪ್ಪಡಿ ಸರಿಸಿ, ಕೆಟ್ಟ ಗಾಳಿ ಹೋಗಲೆಂದು ಕಾದು, ದೀಪ ಇಳಿಬಿಟ್ಟು ನೋಡಿ, ರೈತ ಒಳಗಿಳಿದ. ಮೇಲಿನವರು ಹೇಗಿದೆಯೆಂದು ಕೂಗಿ ಕೇಳಿದರು. ಅವನು ಕೆಳಗಿನಿಂದ ಒಂದು ಬೊಗಸೆ ರಾಗಿ ಎತ್ತಿ ತೋರಿಸಿದ. ಅದು ಬೂಷ್ಟು ಹಿಡಿದು ಹೆಂಟೆಗಟ್ಟಿತ್ತು. ಅಡಿಯವರೆಗೂ ಹಾಗೆಯೇ ಇತ್ತು.

ಆ ವರ್ಷ ಇಡೀ ಊರಿಗೆ ಬಿತ್ತಲು ಉಳಿದದ್ದು ದಿಬ್ಬದ ಮೇಲಿನ ಆ ಒಂದು ಮೊರ ರಾಗಿ. ಅದರಲ್ಲೂ ಅರ್ಧವನ್ನು ಅವನು ಪರೀಕ್ಷೆ ಮಾಡಿಯೇ ಮುಗಿಸಿದ್ದ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಹೊಸದಕ್ಕೇ ಹೋಗು ಅಂತೀರಾ, ಬುದ್ಧಿ?" ಎಂದು ನಿಜಗುಣ ಕೇಳಿದ.

"ಹೋಗುವುದೂ ಬಿಡುವುದೂ ಆಮೇಲಿನ ಮಾತು. ಹೊಸದರಲ್ಲಿ ಇಷ್ಟು ದಿನ ತಪ್ಪು ಹುಡುಕಿದೆಯಲ್ಲ ಮಗು, ಹಳೆಯದರಲ್ಲಿ ಇರುವುದು ಸರಿಯೇ ಎಂದು ಒಬ್ಬ ರೋಗಿಯನ್ನಾದರೂ ಕೂರಿಸಿಕೊಂಡು ಕೇಳಿದ್ದೀಯಾ?"