ಗಾಣಿಗ ಇಟ್ಟ ಎಡೆ

“ಮೇಷ್ಟ್ರೇ, ಈ ಫ್ರೆಂಚರಿಗೆ ಎರಡೆರಡು ಭೂತಕಾಲ ಯಾಕೆ ಬೇಕು? ಆಗಿಹೋದದ್ದು ಆಗಿಹೋಯಿತು. ಒಂದು ಸಾಲದೇ?”

ಇಂದ್ರಾಣಿ ಹೀಗೆ ಕೇಳಿದಾಗ ಮರಿಸ್ವಾಮಿ ಮೇಷ್ಟ್ರ ಕೈಯಲ್ಲಿ ಅವಳೇ ಬರೆದ ಹಾಳೆ ಇತ್ತು. ಮೇಷ್ಟ್ರು ಹಿಂದೆ ಪುದುಚೇರಿಯಲ್ಲಿ ಫ್ರೆಂಚ್ ಕಲಿತು ಬಂದವರು. ಈಗ ಮೈಸೂರಿನಲ್ಲಿ ತಮ್ಮ ಮನೆಯ ಜಗಲಿಯ ಮೇಲೆ ಕೇಳಿಕೊಂಡು ಬಂದವರಿಗೆಲ್ಲ ಕಲಿಸುತ್ತಾರೆ. ಇಂದ್ರಾಣಿಗೆ ಮುಂದಿನ ವಾರ ಪರೀಕ್ಷೆ. ಅಭ್ಯಾಸಕ್ಕೆಂದು ‘ನನ್ನ ತಾಯಿ’ ಎಂಬ ವಿಷಯದ ಮೇಲೆ ಒಂದು ಪುಟ ಬರೆದು ತಂದಿದ್ದಳು. ಅವಳ ತಾಯಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ತಾಯಿ ಹುಟ್ಟಿದರು, ಮದುವೆಯಾದರು, ಹೊಲಿಗೆ ಕಲಿತರು, ಮಗಳನ್ನು ಓದಿಸಿದರು, ಆಸ್ಪತ್ರೆ ಸೇರಿದರು, ಹೋದರು. ಪುಟದ ಕೆಳಗಿನ ಅರ್ಧವೆಲ್ಲ ಆಸ್ಪತ್ರೆಯದೇ. ಎಲ್ಲವೂ ಒಂದೇ ಭೂತಕಾಲದಲ್ಲಿತ್ತು. ಮೇಷ್ಟ್ರು ಕೆಂಪು ಪೆನ್ನು ಹಿಡಿದು ನಿಧಾನವಾಗಿ ಓದಿದರು. ಎಲ್ಲೂ ಗೆರೆ ಎಳೆಯಲಿಲ್ಲ. ಕೊನೆಯಲ್ಲಿ ಮಾತ್ರ ‘ಇನ್ನೊಂದು ಭೂತಕಾಲ’ ಎಂದು ಬರೆದು ಒಂದು ಪ್ರಶ್ನೆ ಚಿಹ್ನೆ ಹಾಕಿದರು. ಇಂದ್ರಾಣಿಗೆ ಸಿಟ್ಟು ಬಂದದ್ದು ಅದಕ್ಕೇ.

“ಇನ್ನೊಂದನ್ನು ಕಟ್ಟುವುದು ನಿನಗೆ ಬರುತ್ತದೆ ತಾನೇ?” ಎಂದರು ಮೇಷ್ಟ್ರು.

“ಬರದೆ ಏನು? ಒಮ್ಮೆ ಆಗಿ ಮುಗಿದದ್ದಕ್ಕೆ ಪಾಸೆ ಕೊಂಪೊಸೆ. ಅದು ಒಂಟಿಯಾಗಿ ನಿಲ್ಲುವುದಿಲ್ಲ, ಜೊತೆಗೊಂದು ಸಹಾಯಕ ಕ್ರಿಯಾಪದ ಬೇಕು. ಸಾಮಾನ್ಯವಾಗಿ ‘ಹೊಂದು’ ಎನ್ನುವುದು. ಹುಟ್ಟಿದಳು, ಬಂದಳು, ಹೋದಳು, ಸತ್ತಳು ಎನ್ನುವಂಥವಕ್ಕೆ ಮಾತ್ರ ‘ಇರು’ ಎನ್ನುವುದು. ದಿನಾ ನಡೆಯುತ್ತಿದ್ದದ್ದಕ್ಕೆ, ಹಾಗೇ ಇರುತ್ತಿದ್ದದ್ದಕ್ಕೆ ಇಂಪಾರ್ಫೆ. ಇವತ್ತಿನ ‘ನಾವು ತಿನ್ನುತ್ತೇವೆ’ ಎನ್ನುವ ರೂಪ ತೆಗೆದುಕೊಂಡು ಅದರ ಬಾಲ ಕತ್ತರಿಸಿ ಬೇರೆ ಬಾಲ ಅಂಟಿಸಿದರೆ ‘ಅವಳು ತಿನ್ನುತ್ತಿದ್ದಳು’ ಆಗುತ್ತದೆ. ‘ಇರು’ ಒಂದನ್ನು ಬಿಟ್ಟು ಎಲ್ಲಕ್ಕೂ ಇದೇ ನಿಯಮ.”

“ಗಿಳಿಪಾಠ ಚೆನ್ನಾಗಿದೆ,” ಎಂದು ಮೇಷ್ಟ್ರು ನಕ್ಕರು. “ಮತ್ತೆ ಯಾಕೆ ಬರೆಯಲಿಲ್ಲ?”

ಇಂದ್ರಾಣಿ ತಲೆ ತಗ್ಗಿಸಿದಳು. “ಎಲ್ಲಿಂದ ಶುರು ಮಾಡಿದರೂ ಆಸ್ಪತ್ರೆಗೇ ಬಂದು ನಿಲ್ಲುತ್ತದೆ ಮೇಷ್ಟ್ರೇ. ಅಮ್ಮ ಅಂದರೆ ಆ ಮಂಚವೇ ಕಣ್ಣಿಗೆ ಬರುತ್ತದೆ. ಬೇರೆ ಏನೂ ಬರುವುದಿಲ್ಲ.”

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಗಾಣಕ್ಕೆ ಎತ್ತು ಕಟ್ಟಿ ಎಳ್ಳೆಣ್ಣೆ ತೆಗೆಯುವುದು ಅವನ ಕಸುಬು. ಅವನ ಹೆಂಡತಿ ಜ್ವರ ಬಂದು ತೀರಿಕೊಂಡಳು.

ಆ ಸೀಮೆಯಲ್ಲಿ ಮಹಾಲಯ ಅಮಾವಾಸ್ಯೆಯ ದಿನ ಸತ್ತವರಿಗೆ ಎಡೆ ಇಡುತ್ತಾರೆ. ಅವರಿಗೆ ಏನು ಇಷ್ಟವೋ ಅದನ್ನೇ ಮಾಡಿ, ಬಾಳೆ ಎಲೆಯ ಮೇಲೆ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಂದಕ್ಕೆ ಮಾಡಿಕೊಂಡು ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಬಂದು ಉಂಡು ಹೋಗಲಿ ಎಂದು. ಒಬ್ಬರಿಗೆ ಕೋಳಿ ಸಾರು, ಒಬ್ಬರಿಗೆ ಕಜ್ಜಾಯ. ನಶ್ಯದ ಚಟವಿದ್ದ ಮುದುಕನಿಗೆ ಎಲೆಯ ಅಂಚಿನಲ್ಲಿ ಒಂದು ಚಿಟಿಕೆ ನಶ್ಯ. ಸತ್ತ ಮೇಲೂ ಸೀನಲಿ ಪಾಪ.

ಗಾಣಿಗ ಹೆಂಡತಿಗೆ ಇಟ್ಟದ್ದು ಅಕ್ಕಿ ಗಂಜಿ, ಒಂದು ಲೋಟ ಕಾಸಿ ಆರಿಸಿದ ನೀರು. ಮೊದಲ ವರ್ಷ ಅದೇ, ಎರಡನೆಯ ವರ್ಷವೂ ಅದೇ. ಯಾರಾದರೂ ಅವಳ ಮಾತೆತ್ತಿದರೆ ಕೊನೆಯ ದಿನದ ಕತೆ ಹೇಳುತ್ತಿದ್ದ. ಬೆಳಿಗ್ಗೆ ಕಣ್ಣು ಬಿಟ್ಟಳು, ಗಂಜಿ ಕೇಳಿದಳು, ಎರಡು ಗುಟುಕು ಕುಡಿದಳು, ಸಾಕು ಎಂದಳು, ಹೋದಳು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಜನ ಮೊದಮೊದಲು ಕಣ್ಣೊರೆಸಿಕೊಂಡರು. ಆಮೇಲಾಮೇಲೆ ಎಣ್ಣೆ ಅಳೆಸಿಕೊಂಡು ಬೇಗ ಬೇಗ ಹೊರಟರು. ಅವನೂ ಒಳಗೊಳಗೇ ಹೆದರಿದ್ದ. ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಚಾಪೆಯ ಮೇಲಿನ ಬತ್ತಿದ ಮುಖ ಒಂದೇ. ಇಷ್ಟು ವರ್ಷ ಜೊತೆಗಿದ್ದವಳ ಇನ್ನೊಂದು ಮುಖ ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ.

ಮೂರನೆಯ ವರ್ಷ ಅಮಾವಾಸ್ಯೆಗೆ ಅವನ ನಾದಿನಿ, ಅಂದರೆ ಹೆಂಡತಿಯ ತಂಗಿ, ಊರಿನಿಂದ ಬಂದಳು. ಎಲೆಯ ಮೇಲೆ ಬಡಿಸಿದ್ದನ್ನು ನೋಡಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

“ಇದೇನು ಭಾವ ಈ ಎಡೆ? ಅಕ್ಕನಿಗೆ ಇನ್ನೂ ಜ್ವರ ಬಿಟ್ಟಿಲ್ವಾ?”

“ಕೊನೆಗೆ ಅವಳು ಕೇಳಿದ್ದು ಇದನ್ನೇ ಕಣಮ್ಮ.”

“ಕೊನೆಗೆ ಕೇಳಿದ್ದು ಸರಿ. ಅದಕ್ಕೆ ಮೊದಲು? ತವರಲ್ಲಿ ಏನು ತಿಂತಿದ್ದಳು ಅಂತ ನಾನು ಹೇಳ್ತೀನಿ. ಈ ಮನೇಲಿ ಏನು ತಿಂತಿದ್ದಳೋ ಅದನ್ನ ನೀವೇ ಹೇಳಬೇಕು.”

ಗಾಣಿಗ ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತ. ಎಲ್ಲರೂ ಉಂಡೆದ್ದ ಮೇಲೆ ಅವಳು ಉಣ್ಣುತ್ತಿದ್ದಳು. ಅಷ್ಟು ಹೊತ್ತಿಗೆ ಅವನು ಮತ್ತೆ ಗಾಣದ ಹತ್ತಿರ ಇರುತ್ತಿದ್ದ. ಹೆಂಡತಿ ಕೂತು ಉಣ್ಣುವುದನ್ನು ನೋಡಿದ ನೆನಪೇ ಇರಲಿಲ್ಲ. ನಾಚಿಕೆಯಿಂದ ನಾದಿನಿಯ ಮುಖ ನೋಡಲಾರದೆ, ಎತ್ತಿಗೆ ನೀರು ಕುಡಿಸುವ ನೆಪ ಮಾಡಿಕೊಂಡು ಎದ್ದು ಹೋದ.

ಎತ್ತನ್ನು ಬಿಚ್ಚಿ ಹಿಡಿದುಕೊಂಡು ಬಂದ. ಅಡುಗೆಮನೆಯ ಹಿಂಬಾಗಿಲ ಎದುರಿಗೆ ಅದು ನಿಂತುಬಿಟ್ಟಿತು. ದಿನಾ ಅಲ್ಲೇ ನಿಲ್ಲುತ್ತಿತ್ತು. ಸೋಮಾರಿ ಮುಂಡೇದು ಎಂದು ದಿನಾ ಅವನು ಬೈದು ಹಗ್ಗ ಜಗ್ಗುತ್ತಿದ್ದ. ಅವತ್ತು ಜಗ್ಗಲಿಲ್ಲ. ಹಗ್ಗ ಸಡಿಲ ಬಿಟ್ಟು ನಿಂತ. ಎತ್ತು ಬಾಗಿಲ ಕಡೆಗೆ ಕತ್ತು ಚಾಚಿ, ಮೂತಿ ಎತ್ತಿ, ಯಾರೋ ಬರುತ್ತಾರೆ ಎಂಬಂತೆ ಕಾಯುತ್ತಿತ್ತು.

ಆಗ ಅವನಿಗೆ ನೆನಪಾಯಿತು. ಸಂಜೆಯಾದರೆ ಅವಳು ಆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಗಾಣದಿಂದ ಆಗತಾನೇ ತೆಗೆದ, ಬಿಸಿ ಆರದ ಎಳ್ಳಿನ ಹಿಂಡಿಯ ತುಂಡು ಸೆರಗಿನಲ್ಲಿ ಹಿಡಿದುಕೊಂಡು, ಬೆಲ್ಲ ಕಚ್ಚಿಕೊಂಡು ತಿನ್ನುತ್ತಿದ್ದಳು. ಅರ್ಧ ತನಗೆ, ಅರ್ಧ ಎತ್ತಿಗೆ. ‘ದನ ತಿನ್ನೋದನ್ನ ತಿಂತೀಯಲ್ಲೇ’ ಎಂದು ಅವನು ಗಾಣದ ಹತ್ತಿರದಿಂದ ಕೂಗುತ್ತಿದ್ದ. ‘ನಿಮ್ಮ ಜೊತೆ ಬಾಳಿ ಬಾಳಿ ಹಿಂಗಾದೆ’ ಎಂದು ಅವಳು ಬಾಯಿ ತುಂಬಿಕೊಂಡೇ ನಗುತ್ತಿದ್ದಳು. ಹಲ್ಲಿಗೆಲ್ಲ ಹಿಂಡಿ ಮೆತ್ತಿಕೊಂಡಿರುತ್ತಿತ್ತು. ಆ ನಗುವಿನ ಮುಖ, ಮೂರು ವರ್ಷ ಹುಡುಕಿ ಸಿಗದಿದ್ದ ಮುಖ, ಈಗ ಬಾಗಿಲಲ್ಲೇ ಇತ್ತು.

ಗಾಣಿಗ ಎತ್ತಿನ ಕೊರಳು ತಬ್ಬಿಕೊಂಡು ಅತ್ತ. ಬೈದದ್ದಕ್ಕೆಲ್ಲ ಅದರ ಬೆನ್ನು ಸವರಿದ.

ಆಮೇಲೆ ಒಳಗೆ ಬಂದು ಗಂಜಿ ತೆಗೆದು ಬೇರೆ ಎಲೆ ಹಾಕಿದ. ಹಿಂಡಿ ಮುರಿದು ಅರ್ಧ ಎಲೆಯ ಮೇಲಿಟ್ಟ, ಪಕ್ಕದಲ್ಲಿ ಬೆಲ್ಲ ಇಟ್ಟ. ಇನ್ನರ್ಧ ಎತ್ತಿಗೆ ಕೊಟ್ಟ. ಬಾಗಿಲು ಮುಂದಕ್ಕೆ ಮಾಡಿಕೊಂಡು ನಾದಿನಿಯ ಜೊತೆ ಹೊರಗೆ ನಿಂತ. ಅವತ್ತು ಕೊನೆಯ ದಿನದ ಕತೆ ಹೇಳಲಿಲ್ಲ. ಅವಳು ಹೀಗೆ ಹಾಡಿಕೊಳ್ಳುತ್ತಿದ್ದಳು, ಹಾಗೆ ಮುನಿಸಿಕೊಳ್ಳುತ್ತಿದ್ದಳು, ಎಣ್ಣೆ ಅಳೆಯುವಾಗ ಬಡವರಿಗೆ ಒಂದು ತೊಟ್ಟು ಹೆಚ್ಚು ಬೀಳಿಸಿ ನನ್ನ ಕಡೆ ನೋಡದ ಹಾಗೆ ನಟಿಸುತ್ತಿದ್ದಳು ಎಂದು ಒಂದರ ಹಿಂದೆ ಒಂದು ಹೇಳಿದ. ನಾದಿನಿ ನಕ್ಕಳು, ಅವನೂ ನಕ್ಕ. ಮಾತಿನಲ್ಲಿ ಬಾಗಿಲು ತೆಗೆಯುವುದೇ ಮರೆತುಹೋಗಿ, ಗಾಣಿಗನ ಮನೆಯಲ್ಲೇ ದೀಪಕ್ಕೆ ಎಣ್ಣೆ ಕಡಿಮೆಯಾಗಿತ್ತು. ನಾದಿನಿ ಒಳಗೆ ಹೋಗಿ ಎಣ್ಣೆ ಹಾಕಿ ಬಂದಳು.

ಕತೆ ಅಲ್ಲಿಗೆ ನಿಂತಿತು. ಇಂದ್ರಾಣಿ ಕೇಳಿದಳು: “ಹಾಗಾದರೆ ಮೊದಲಿನ ಭೂತಕಾಲ ತಪ್ಪೇ ಮೇಷ್ಟ್ರೇ?”

“ತಪ್ಪಲ್ಲ. ‘ಹೋದಳು’ ಅನ್ನದೆ ಎಡೆ ಇಡಲಿಕ್ಕಾಗುವುದಿಲ್ಲ. ‘ತಿನ್ನುತ್ತಿದ್ದಳು’ ಅನ್ನದೆ ಎಲೆಯ ಮೇಲೆ ಏನಿಡಬೇಕು ಅಂತ ಗೊತ್ತಾಗುವುದಿಲ್ಲ.”

“ನನ್ನ ಹಾಳೆಯಲ್ಲಿ ಎಲ್ಲಿ ತಿದ್ದಬೇಕು?”

ಮೇಷ್ಟ್ರು ಹಾಳೆಯನ್ನು ಮೆಲ್ಲಗೆ ಅವಳ ಕಡೆಗೆ ಸರಿಸಿದರು.

“ಇದರಲ್ಲಿ ಒಂದು ತಪ್ಪೂ ಇಲ್ಲ ಮಗಳೇ; ಆದರೆ ನಿಮ್ಮಮ್ಮ ಇನ್ನೂ ಆಸ್ಪತ್ರೆಯಲ್ಲೇ ಮಲಗಿದ್ದಾರೆ, ಮನೆಗೆ ಕರೆದುಕೊಂಡು ಬಾ.”